ಕಾವು

ಬೀಜ ಯಾವಾಗ ಹಾಕಬೇಕು ಅಂತ
ಮಂಕಾಳಿಯನ್ನು ಕೇಳಿದರೆ
ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ನಕ್ಕಳು:
"ಐಸಿನ ಮನೆಯವನಿಗೆ ಮೆಣಸಿನ ಹುಚ್ಚು!
ನಮ್ಮ ಮಂಜಗುಣಿಯಲ್ಲಿ ಯಾರೂ ಕೇಳೂದಿಲ್ಲ ಮಾರಾಯ,
ಬೂದಿ ಬೆರೆಸಿ ಬೀರಿದ್ರೆ ಆಯ್ತು, ಹುಟ್ಟತದೆ."

ಹುಟ್ಟುತ್ತದೆ, ಅವಳ ಅಂಗಳದಲ್ಲಿ.
ನನ್ನದು ಬೈತಖೋಲ ಬಂದರಿನ ಹಿಂದೆ
ಬರ್ಫದ ಕಾರ್ಖಾನೆಗೆ ಬೆನ್ನು ಕೊಟ್ಟ ಒಂದೇ ಕೋಣೆ.
ಗೋಡೆಯಾಚೆ ನೂರಾ ಇಪ್ಪತ್ತು ಕ್ಯಾನು
ಉಪ್ಪುನೀರ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ
ರಾತ್ರಿಯಿಡೀ ಗಟ್ಟಿಯಾಗುತ್ತವೆ.
ಗೋಡೆಯೀಚೆ ನನ್ನ ತಲೆದಿಂಬು.
ಏಪ್ರಿಲ್ಲಿನಲ್ಲಿ ಕಾರವಾರ ಬೆವರೊರೆಸುವಾಗ
ನಾನು ಕಂಬಳಿ ಹುಡುಕುತ್ತೇನೆ.

ಅವಳೇ ಕೊಟ್ಟ ಬೀಜ, ಹಳೆ ಸೀರೆಯ ಚೂರಿನಲ್ಲಿ ಗಂಟು.
ಮೊದಲ ವರ್ಷ ದಂಡೆಯ ಮರಳು ತಂದೆ, ತೊಳೆಯಲಿಲ್ಲ.
ಉಪ್ಪಿನಲ್ಲಿ ಮಲಗಿದ ಬೀಜ
ನೀರು ಎಷ್ಟು ಹೊಯ್ದರೂ ಬಾಯಿ ಬಿಡಲಿಲ್ಲ.
ಮರುವರ್ಷ ಕದ್ರಾ ಕಡೆಯ ಕೆಂಪು ಮಣ್ಣು,
ತೆಂಗಿನ ನಾರಿನ ಪುಡಿ, ಮೀನಿನ ಥರ್ಮಾಕೋಲ್ ಡಬ್ಬಿ,
ಎಲ್ಲ ಸರಿ.
ಇಟ್ಟದ್ದು ಕಿಟಕಿಯಲ್ಲಿ, ಜೂನಿನಲ್ಲಿ.

ಬಂದರು ಬಂದಾಗುವ ಕಾಲ.
ದೋಣಿಗಳೆಲ್ಲ ಮಡಲಿನ ಮರೆಯಲ್ಲಿ ಮಗುಚಿಕೊಂಡು,
ಮೋಟರಿಗೆ ಎರಡು ತಿಂಗಳ ನಿದ್ದೆ,
ನನಗೆ ಅರ್ಧ ಸಂಬಳ.
ಹೊರಗೆ ಮಳೆ ಒಂದೇ ಸಮನೆ
ಕೊಡುವುದೋ ಕಸಿಯುವುದೋ ತಿಳಿಯದ ಹಾಗೆ.
ಹದಿನೆಂಟು ದಿನ ಕಾದು ಬೆರಳಿನಿಂದ ಕೆದಕಿದೆ.
ಬೀಜಕ್ಕೆ ಬಿಳಿಯ ಬೂಷ್ಟು ಬಂದಿತ್ತು
ಹುಟ್ಟುವ ಮೊದಲೇ ಮುಪ್ಪು.

ನೂಲಹುಣ್ಣಿಮೆಗೆ ತೆಂಗಿನಕಾಯಿ ಕಡಲಿಗೆ ಬಿತ್ತು.
ಮುಕುಂದ ತಾಂಡೇಲರು ಕೊಡೆ ಮಡಚುತ್ತ ಬಂದು
"ಚಾಲೂ ಮಾಡೋ" ಅಂದರು.
ಬೆಲ್ಟು ಬಿಗಿದೆ, ವಾಲ್ವು ತಿರುವಿದೆ,
ಮೊದಲು ಕೆಮ್ಮು, ಆಮೇಲೆ ಗುಂಯ್ ಎಂಬ ಶ್ರುತಿ,
ಅಮೋನಿಯಾದ ವಾಸನೆಗೆ ಕಣ್ಣಲ್ಲಿ ನೀರು.
ಒದ್ದೆ ಪಂಚೆ ಒಣಗಲೆಂದು ಮೋಟರ ಬೆನ್ನಿಗೆ ಹಾಸಿ
ಕೈ ಅಲ್ಲೇ ಇಟ್ಟೆ.

ಬೆಚ್ಚಗಿತ್ತು. ಈದ ಎಮ್ಮೆಯ ಹೊಟ್ಟೆಯ ಹಾಗೆ.

ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೇನೆ,
ಯೋಚಿಸಿರಲಿಲ್ಲ:
ನೀರಿನಿಂದ ಹಿಂಡಿ ತೆಗೆದ ಬಿಸಿ
ಎಲ್ಲಿಗಾದರೂ ಹೋಗಲೇಬೇಕಲ್ಲ.

ಡಬ್ಬಿ ತಂದು ಮೋಟರ ಮೇಲಿಟ್ಟೆ,
ಅಡಿಗೆ ಗೋಣಿತಟ್ಟು, ಮೇಲೆ ಒದ್ದೆ ಬಟ್ಟೆ.
ಕರೆಂಟು ಹೋದ ರಾತ್ರಿ ಕಂಬಳಿಯೊಳಗೆ ಎಳೆದುಕೊಂಡೆ,
ಯಾರಿಗೂ ಹೇಳಲಿಲ್ಲ.
ಏಳನೆಯ ಬೆಳಗ್ಗೆ ಮಣ್ಣಿನಲ್ಲಿ
ಬಗ್ಗಿದ ಬೆನ್ನುಗಳು,
ತಲೆ ಇನ್ನೂ ಬೀಜದ ಟೊಪ್ಪಿಗೆಯಲ್ಲಿ ಸಿಕ್ಕಿಕೊಂಡು.
ಐಸು ಒಡೆಯುವ ಗದ್ದಲಕ್ಕೆ
ಸಣ್ಣಗೆ ನಡುಗುತ್ತಿದ್ದವು, ಆದರೂ ನಿಂತಿದ್ದವು.

ಆದ್ದರಿಂದ ಈಗ ನಾನು
ಪಂಚಾಂಗವನ್ನು ಹಿಂದಿನಿಂದ ಓದುತ್ತೇನೆ.
ಮಳೆ ಕಾಲೆತ್ತುವುದು ದಸರೆಗೆ,
ಅದಕ್ಕೆ ಮೊದಲು ಹೊರಗಿಟ್ಟರೆ ಬೇರು ಕೊಳೆಯುತ್ತದೆ.
ದಸರೆಯಿಂದ ಹಿಂದಕ್ಕೆ ನಲವತ್ತೈದು ದಿನ ಎಣಿಸು,
ಮೋಟರು ತಿರುಗುತ್ತಿದೆಯೇ ನೋಡು,
ಕೈಯಿಟ್ಟು ನೋಡು,
ಆಮೇಲೆ ಬೀಜ.

ಈ ಸಲ ಗಂಗಾವಳಿ ಮಂಜಗುಣಿಯ ಅಂಗಳಕ್ಕೆ ಹತ್ತಿತು.
ಮಂಕಾಳಿ ಬಂದವಳು ಬುಟ್ಟಿ ಇಳಿಸಿದಳು,
ಐಸಿನ ರೇಟಿಗೆ ಜಗಳ ಆಡಲಿಲ್ಲ.
ಬಾಗಿಲಾಚೆ ಕಣ್ಣು ಹಾಯಿಸಿ,
"ಹೆಚ್ಚಾದದ್ದು ಇದ್ರೆ ನಾಕು ಸಸಿ..." ಅಂದಳು.
ಹದಿನಾಲ್ಕು ಕೊಟ್ಟೆ.
ಬಂಗಡೆಯ ಪಕ್ಕ, ಐಸಿಗೆ ತಾಗದಂತೆ,
ಬಾಳೆಲೆ ಸುತ್ತಿ ಇಟ್ಟುಕೊಂಡಳು.
ಬೀಜ ಅವಳದೇ ಎಂದು ಅವಳೂ ಹೇಳಲಿಲ್ಲ, ನಾನೂ.

ಡಬ್ಬಿಯ ಮೂಲೆಯಲ್ಲಿ ಮೂರು ಬೀಜ ಇನ್ನೂ ಎದ್ದಿಲ್ಲ.
ಯಾಕೆ, ಗೊತ್ತಿಲ್ಲ.
ಮೋಟರ ಮೇಲಿಂದ ತೆಗೆದಿಲ್ಲ.